ಸಡಿಲಪ್ಪನ ಹೊಲಿಗೆ

ನಮ್ಮ ಬೀದಿಯ ಟೈಲರಿಗೆ ತಂದೆತಾಯಿ ಇಟ್ಟ ಹೆಸರೊಂದು ಇದ್ದೇ ಇರಬೇಕು. ಆದರೆ ಆ ಹೆಸರು ಹಿಡಿದು ಕರೆದವರನ್ನು ನಾನಂತೂ ಕಂಡಿಲ್ಲ. ಬೀದಿಗೆಲ್ಲ ಆತ ಸಡಿಲಪ್ಪ. ಅಳತೆ ತೆಗೆಯುವಾಗ ಟೇಪಿನ ಒಳಗೆ ಎರಡು ಬೆರಳು ತೂರಿಸಿ, "ಇಲ್ಲಿ ಸ್ವಲ್ಪ ಸಡಿಲ ಇರಲಿ. ಮನುಷ್ಯ ಅಂದ್ಮೇಲೆ ಕೂರ್ತಾನೆ, ಏಳ್ತಾನೆ, ಹೊಟ್ಟೆ ತುಂಬ ಉಣ್ತಾನೆ, ಒಮ್ಮೊಮ್ಮೆ ನಗ್ತಾನೆ. ಅಷ್ಟಕ್ಕೆಲ್ಲ ಜಾಗ ಬೇಡ್ವಾ?" ಎಂದು ಹೇಳದೆ ಆತ ಒಂದು ಬಟ್ಟೆಗೂ ಕತ್ತರಿ ಹಾಕಿದವನಲ್ಲ. ಕೇಳಿ ಕೇಳಿ ಬೀದಿಯ ಮಕ್ಕಳಿಗೂ ಈ ಮಾತು ಬಾಯಿಪಾಠವಾಗಿತ್ತು. ಹೆಸರು ಹುಟ್ಟಿದ್ದು ಅಲ್ಲಿಂದ.

ಬ್ಯಾಂಕಿನ ಕ್ಯಾಷಿಯರೊಬ್ಬರು ಒಮ್ಮೆ ಈ ಮಾತಿಗೆ ಸೊಪ್ಪು ಹಾಕದೆ, ಹಟ ಹಿಡಿದು, ಪ್ಯಾಂಟನ್ನು ಮೈಗೆ ಅಂಟಿದ ಹಾಗೆ ಹೊಲಿಸಿಕೊಂಡರು. ಮರುದಿನ ಕೌಂಟರಿನ ಹಿಂದೆ ಬಿದ್ದ ಪೆನ್ನಿನ ಮುಚ್ಚಳ ಎತ್ತಿಕೊಳ್ಳಲು ಬಗ್ಗಿದವರು, ಆಮೇಲೆ ಸಂಜೆಯವರೆಗೆ ಕುರ್ಚಿ ಬಿಟ್ಟು ಏಳಲಿಲ್ಲ. ಊಟವನ್ನೂ ಅಲ್ಲಿಗೇ ತರಿಸಿಕೊಂಡರು. ಬ್ಯಾಂಕು ಖಾಲಿಯಾದ ಮೇಲೆ ದಪ್ಪನೆಯ ಫೈಲೊಂದನ್ನು ಹಿಂದೆ ಅಡ್ಡ ಹಿಡಿದುಕೊಂಡು, ಗೋಡೆ ಸವರಿಕೊಂಡೇ ಅಂಗಡಿಗೆ ಬಂದರು. ಸಡಿಲಪ್ಪ "ನಾನು ಹೇಳಿರಲಿಲ್ವಾ" ಎನ್ನಲಿಲ್ಲ. ಆ ಮಾತು ಆತನ ಬಾಯಲ್ಲಿ ಬಂದದ್ದನ್ನೇ ನಾನು ಕೇಳಿಲ್ಲ. ಹೊದ್ದುಕೊಳ್ಳಲು ಒಂದು ಹೊದಿಕೆ ಕೊಟ್ಟು, ಅವರನ್ನು ಪರದೆಯ ಹಿಂದೆ ಕೂರಿಸಿ, ಪ್ಯಾಂಟನ್ನು ಮಗುಚಿ ಹಿಡಿದ. ಒಳಹೊಲಿಗೆಯಲ್ಲಿ ಒಂದು ಹೆಬ್ಬೆರಳಗಲ ಬಟ್ಟೆ ಮಡಚಿಕೊಂಡು ಕೂತಿತ್ತು. ಗಿರಾಕಿ ಬೇಡವೆಂದರೂ ಗುಟ್ಟಾಗಿ ಅಷ್ಟನ್ನು ಉಳಿಸುವುದು ಆತನ ರೂಢಿ. "ಎಲ್ಲರಿಗೂ ಒಂದು ದಿನ ಬೇಕಾಗುತ್ತೆ ಸಾರ್" ಎಂದಷ್ಟೇ ಹೇಳಿ ಹೊಲಿಗೆ ಬಿಚ್ಚತೊಡಗಿದ.

ಮನೆಯ ಮುಂದಿನ ಕೋಣೆಯೇ ಅಂಗಡಿ. ಬಾಗಿಲ ಮೇಲೆ ಎರಡು ಬೋರ್ಡು. ಒಂದರಲ್ಲಿ "ಹೊಲಿಗೆ", ಇನ್ನೊಂದರಲ್ಲಿ "ಕಾರು ಕಲಿಸಲಾಗುವುದು". ಎರಡನೆಯದು ಹೆಂಡತಿಯದು. ಆಕೆಯ ನಿಜವಾದ ಹೆಸರೂ ಬೀದಿಗೆ ಮರೆತು ಎಷ್ಟೋ ಕಾಲವಾಗಿತ್ತು. ಕಲಿಯುವವರ ಪಕ್ಕದಲ್ಲಿ ಕೂತು ದಿನವಿಡೀ "ಕ್ಲಚ್ಚು, ಕ್ಲಚ್ಚು, ಮೊದಲು ಕ್ಲಚ್ಚು" ಎನ್ನುತ್ತಿದ್ದುದರಿಂದ ಆಕೆ ಕ್ಲಚ್ಚಕ್ಕ. ಅಂಗಿಯ ಅಳತೆ ಕೊಡಲು ಬಂದವರು ಕಾರು ಕಲಿಯಲು ಸೇರಿದ್ದೂ ಉಂಟು, ಕಾರು ಕಲಿಯಲು ಬಂದವರು ಗಾಬರಿಯಿಂದ ಮನಸ್ಸು ಬದಲಾಯಿಸಿ ಒಂದು ಅಂಗಿ ಹೊಲಿಸಿಕೊಂಡು ಹೋದದ್ದೂ ಉಂಟು.

ಕಾರು ಕೆನೆಬಣ್ಣದ್ದು, ಹಳೆಯದು. ಕಲಿಸುವವರ ಕಾಲಿನ ಕೆಳಗೂ ಒಂದು ಜೊತೆ ಪೆಡಲುಗಳಿದ್ದವು. ಲೈಸೆನ್ಸು ಪರೀಕ್ಷೆಗೂ ಅದೇ ಕಾರು ಹೋಗಬೇಕು. ತಮ್ಮ ಕಾಲಿಗೆ ಬ್ರೇಕು ಸಿಗದ ಗಾಡಿಯನ್ನು ನಮ್ಮ ಇನ್‌ಸ್ಪೆಕ್ಟರು ಹತ್ತುತ್ತಿರಲಿಲ್ಲ.

ಇನ್ನು ಈ ಕತೆಗೆ ಬೇಕಾದ ಇನ್ನೊಬ್ಬರು ಕ್ಲಚ್ಚಕ್ಕನ ತಾಯಿ. ಊರಂಚಿನಲ್ಲಿ ಸಸಿಗಳನ್ನು ಬೆಳೆಸಿ ಮಾರುವ ತೋಟ ಅವರದು. ಎಲ್ಲರ ಬಾಯಲ್ಲಿ ಗಿಡದಮ್ಮ. ಗಂಡ ಇರುವ ತನಕ ಗಂಡನೇ ಪುಟ್ಟದೊಂದು ಹಸಿರು ವ್ಯಾನಿನಲ್ಲಿ ಕುಂಡಗಳನ್ನು ಪೇರಿಸಿಕೊಂಡು ವಾರದ ಮಾರುಕಟ್ಟೆಗೆ ಹೋಗುತ್ತಿದ್ದರು. ಅವರು ತೀರಿಕೊಂಡ ಮೇಲೆ ಒಬ್ಬ ಡ್ರೈವರು ಬಂದ. ಅವನಿಗೆ ಬಸ್ಸಿನ ಕೆಲಸ ಸಿಕ್ಕಿ ಹೋದ. ಆಮೇಲೆ ವ್ಯಾನಿನ ಮೇಲೆ ಟಾರ್ಪಾಲು ಬಿತ್ತು. ಸಸಿಗಳು ತೋಟದಲ್ಲೇ ಬಲಿತು, ಕುಂಡ ಒಡೆದುಕೊಂಡು ಬೇರು ಚಾಚತೊಡಗಿದವು.

ಒಂದು ದಿನ ಗಿಡದಮ್ಮ ಮಗಳ ಮನೆಗೆ ಬಂದು, ಕೈ ತೊಳೆದುಕೊಂಡು, ಊಟಕ್ಕೆ ಕೂತು, "ನನಗೂ ಕಲಿಸು" ಎಂದರು.

"ಏನನ್ನ?" ಎಂದಳು ಮಗಳು.

"ಬೋರ್ಡು ಹಾಕಿದ್ದೀಯಲ್ಲ, ಅದನ್ನ."

ಅವರಿಗೆ ಆಗ ಅರವತ್ತು ದಾಟಿತ್ತು. ತಾಯಿಗೆ ಮಗಳು ಕಾರು ಕಲಿಸಿದ ಆ ತಿಂಗಳುಗಳ ಕತೆಯನ್ನೇ ಬೇರೆ ಬರೆಯಬಹುದು. ಕಾರು ಬೀದಿಯಲ್ಲಿ ಬರುವ ಮೊದಲೇ ಅದರೊಳಗಿನ ಮಾತು ನಮಗೆ ಕೇಳಿಸುತ್ತಿತ್ತು.

"ಅಮ್ಮ, ಕ್ಲಚ್ಚು."

"ಗೊತ್ತು."

"ಗೊತ್ತಿದ್ರೆ ಒತ್ತಬೇಕು."

"ನಿನಗೆ ನಡೆಯೋಕೆ ಕಲಿಸುವಾಗ ನಾನು ಹೀಗೆ ಬೊಬ್ಬೆ ಹಾಕಿದ್ನಾ?"

ಮೊದಲ ಪರೀಕ್ಷೆಯಲ್ಲಿ ಅವರು ಹಿಂದಕ್ಕೆ ತೆಗೆಯುವಾಗ ಕಂಬಕ್ಕೆ ಮುತ್ತಿಟ್ಟರು. ಅದು ಅವರದೇ ತಪ್ಪು, ಅವರೇ ಒಪ್ಪಿಕೊಂಡರು. ಎರಡನೆಯ ಸಲ ಕಂಬಗಳನ್ನೆಲ್ಲ ಚೆನ್ನಾಗಿ ದಾಟಿದರು. ಕೊನೆಗೆ ಉಳಿದದ್ದು ದಿಬ್ಬ. ಏರಿನ ನಡುವೆ ಕಾರನ್ನು ನಿಲ್ಲಿಸಿ, ಹಿಂದಕ್ಕೆ ಜಾರದ ಹಾಗೆ ಮತ್ತೆ ಹೊರಡಿಸಬೇಕು. ಗಿಡದಮ್ಮ ನಿಲ್ಲಿಸಿದರು, ಹೊರಟರು. ಅಷ್ಟರಲ್ಲಿ ಕಾರು ಕೆಮ್ಮಿತು. ಒಮ್ಮೆ ಕೆಮ್ಮಿತು, ಎರಡು ಸಲ ಮೈ ನಡುಗಿಸಿತು, ನಿಂತೇಹೋಯಿತು. ಇನ್‌ಸ್ಪೆಕ್ಟರು ತಮ್ಮ ಕಡೆಯ ಬ್ರೇಕು ಒತ್ತಿದರು. ಅವರ ಕಾಲು ಬ್ರೇಕು ಮುಟ್ಟಿತೆಂದರೆ ಪರೀಕ್ಷೆ ಮುಗಿದ ಹಾಗೆ.

ಆ ಸಂಜೆ, ಬೀದಿಯವರೆಲ್ಲ ಮೇಷ್ಟ್ರು ಎನ್ನುವ ನಾನೂ ಅಂಗಡಿಯಲ್ಲಿ ಇದ್ದೆ. ಗಿಡದಮ್ಮ ಸ್ಟೂಲಿನ ಮೇಲೆ ಕೂತು ಶಾಂತವಾಗಿಯೇ ಹೇಳಿದರು: "ಇನ್ನೊಂದು ಸಲ ನೋಡ್ತೀನಿ. ಆಗದಿದ್ರೆ ಬೇಕರಿಯವರು ವ್ಯಾನು ಕೇಳ್ತಾ ಇದ್ದಾರೆ, ಕೊಟ್ಟುಬಿಡ್ತೀನಿ. ಗಿಡದ ವ್ಯಾಪಾರವೂ ಸಾಕು. ಮನೆ ಮುಂದೆ ನಾಲ್ಕು ಕುಂಡ ಇಟ್ಕೊಂಡು ಇರ್ತೀನಿ."

ನಾಲ್ಕು ಕುಂಡ ಇಟ್ಟುಕೊಂಡು ಇರುವ ಹೆಂಗಸಲ್ಲ ಆಕೆ. ಅದು ಮಗಳಿಗೂ ಗೊತ್ತು, ಅಳಿಯನಿಗೂ ಗೊತ್ತು. ಹಾಗೆ ಬದುಕತೊಡಗಿದರೆ ಆಕೆ ಬೇಗ ಮುದುಕಿಯಾಗುತ್ತಾರೆಂಬುದೂ ಗೊತ್ತು. ಅದಕ್ಕಿಂತ ಹೆಚ್ಚಾಗಿ ಕ್ಲಚ್ಚಕ್ಕನನ್ನು ಕೊರೆಯುತ್ತಿದ್ದದ್ದು, ಸೋತದ್ದು ಅಮ್ಮನಲ್ಲ, ತನ್ನ ಕಾರು ಎಂಬುದು. ಅವಳು ಅವತ್ತು ಯಾರಿಗೂ ಕ್ಲಚ್ಚಿನ ಹೆಸರೆತ್ತಲಿಲ್ಲ. ಅವಳ ಮುಖ ನೋಡಿದ ಸಡಿಲಪ್ಪ, ಬಾಯಲ್ಲಿದ್ದ ದಾರದ ತುದಿಯನ್ನು ತೆಗೆದು, "ಕಾರು ನಾನು ನೋಡ್ತೀನಿ" ಎಂದ.

"ನೋಡಿ, ಅದಕ್ಕೇನು. ಬಣ್ಣ ಚೆನ್ನಾಗಿದೆ" ಎಂದಳು ಕ್ಲಚ್ಚಕ್ಕ.

ಆತ ಹಾಗೆ ಹೇಳಲು ಕಾರಣವಿತ್ತು. ಆ ಕಾರನ್ನು ಮೊದಲಿನಿಂದ ನೋಡಿಕೊಳ್ಳುತ್ತಿದ್ದ ಮೆಕ್ಯಾನಿಕ್ಕು ಸೊಂಟ ಹಿಡಿದು ಹಾಸಿಗೆ ಸೇರಿದ್ದ. ದೊಡ್ಡ ರಸ್ತೆಯ ಗ್ಯಾರೇಜಿನವರು, ಬಿಟ್ಟುಹೋಗಿ, ಮುಂದಿನ ವಾರ ಬಾನೆಟ್ಟು ತೆಗೆಯುತ್ತೇವೆ ಎಂದಿದ್ದರು. ಮೂರನೆಯ ಪರೀಕ್ಷೆ ಇದ್ದದ್ದು ಅದಕ್ಕೂ ಮೊದಲು.

ಮರುದಿನ ಸಡಿಲಪ್ಪ ನನ್ನನ್ನೂ ಕರೆದುಕೊಂಡು ಮೆಕ್ಯಾನಿಕ್ಕಿನ ಮನೆಗೆ ಹೋದ. ಮೆಕ್ಯಾನಿಕ್ಕು ಮಂಚದ ಮೇಲೆ ಅಂಗಾತ ಮಲಗಿ ಸೂರು ನೋಡುತ್ತಿದ್ದ. ಹೊರಳುವಂತಿರಲಿಲ್ಲ.

"ಶಬ್ದ ಹೇಗಿದೆ ಹೇಳು" ಎಂದ.

ಸಡಿಲಪ್ಪ ಸ್ವಲ್ಪ ಸಂಕೋಚದಿಂದ ನನ್ನ ಕಡೆ ನೋಡಿ, ಗಂಟಲು ಸರಿಮಾಡಿಕೊಂಡು, "ಡುಗು ಡುಗು ಡುಗು ಡುಗು" ಎಂದ.

"ಇದರಲ್ಲಿ ಏನೂ ಕೆಟ್ಟಿಲ್ಲವಲ್ಲ."

"ತಡಿ, ಇನ್ನೂ ಬರುತ್ತೆ. ಡುಗು ಡುಗು ಡುಗು... ಕ್ಕ್. ಡುಗು ಡುಗು ಡುಗು... ಕ್ಕ್."

ಮೆಕ್ಯಾನಿಕ್ಕು ಕಣ್ಣು ಮುಚ್ಚಿ ಕೇಳಿದ. "ಏರಿನಲ್ಲಿ ಹೆಚ್ಚಾ?"

"ಏರಿನಲ್ಲಿ..." ಎಂದು ಸಡಿಲಪ್ಪ ಏರಿನ ಶಬ್ದವನ್ನೂ ಮಾಡಿ ತೋರಿಸಿದ. ಒಳಗಿನಿಂದ ಮೆಕ್ಯಾನಿಕ್ಕಿನ ಹೆಂಡತಿ ಇಣುಕಿ ನೋಡಿ, ಗಂಡನಿಗೆ ಏನೂ ಆಗಿಲ್ಲವೆಂದು ಖಾತರಿ ಮಾಡಿಕೊಂಡು ಹೋದಳು.

"ನಾಲ್ಕು ಸಿಲಿಂಡರಿನಲ್ಲಿ ಒಂದಕ್ಕೆ ಕಿಡಿ ಸರಿಯಾಗಿ ತಲುಪ್ತಾ ಇಲ್ಲ" ಎಂದ ಮೆಕ್ಯಾನಿಕ್ಕು. "ಪ್ಲಗ್ಗು ಹೋದ ಸಲವೇ ಹೊಸದು ಹಾಕಿದ್ದೀನಿ. ಇದು ಪ್ಲಗ್ಗಿಗೆ ಕರೆಂಟು ಒಯ್ಯೋ ವೈರಿನ ಆಟ. ರಬ್ಬರು ಬಿರುಕು ಬಿಟ್ಟಿರುತ್ತೆ, ಕಿಡಿ ದಾರಿಯಲ್ಲೇ ಹೊರಗೆ ಹಾರಿಹೋಗುತ್ತೆ. ಕತ್ತಲು ಮಾಡಿ ನೀರು ಚಿಮುಕಿಸಿ ನೋಡು, ಕಾಣುತ್ತೆ. ನಾಲ್ಕೂ ಬದಲಾಯಿಸಿಬಿಡು. ಆದ್ರೆ ಒಂದು ಮಾತು. ಒಂದನ್ನ ಬಿಚ್ಚು, ಅದರ ಜಾಗಕ್ಕೆ ಹೊಸದು ಹಾಕು, ಆಮೇಲೆ ಇನ್ನೊಂದನ್ನ ಮುಟ್ಟು. ನಾಲ್ಕೂ ಒಟ್ಟಿಗೆ ಬಿಚ್ಚಿ ಯಾವುದು ಎಲ್ಲಿಯದು ಅಂತ ಮರೆತರೆ, ನನ್ನನ್ನ ಮಂಚ ಸಮೇತ ಹೊತ್ಕೊಂಡು ಹೋಗಬೇಕಾಗುತ್ತೆ. ಹಾಕುವಾಗ ವೈರಿನ ತುದಿಯ ರಬ್ಬರು ಟೋಪಿಯನ್ನ ಪ್ಲಗ್ಗಿನ ಮೇಲೆ ಟಕ್ ಅನ್ನೋವರೆಗೆ ಒತ್ತು."

"ಟಕ್" ಎಂದ ಸಡಿಲಪ್ಪ.

"ನೀನಲ್ಲ. ಅದು ಅನ್ನಬೇಕು."

ಪರೀಕ್ಷೆಗೆ ಇನ್ನೆರಡು ದಿನ ಇತ್ತು. ನಡುಮಧ್ಯಾಹ್ನ ಮನೆಯ ಹಿಂದಿನ ಶೆಡ್ಡಿನಲ್ಲಿ ಕೆಲಸ ಶುರುವಾಯಿತು. ಹೊಗೆ ಹೋಗಲು ಬಾಗಿಲು ತೆರೆದೇ ಇರಬೇಕು, ಕಿಡಿ ಕಾಣಲು ಕತ್ತಲೂ ಬೇಕು. ಅದಕ್ಕೆ ಸಡಿಲಪ್ಪ ಒಂದು ಉಪಾಯ ಮಾಡಿದ. ಕೋಟಿಗೆಂದು ತಂದಿಟ್ಟಿದ್ದ ಕರಿಬಟ್ಟೆಯನ್ನು ತೆರೆದ ಬಾನೆಟ್ಟಿನ ಮೇಲಿನಿಂದ ಇಳಿಬಿಟ್ಟ. ಹಳೆಯ ಕಾಲದ ಫೋಟೋ ತೆಗೆಯುವವರ ಹಾಗೆ ನಾವಿಬ್ಬರೂ ಅದರೊಳಗೆ ತಲೆ ತೂರಿಸಿ ನಿಂತೆವು. ಆತನ ಕೈಯಲ್ಲಿ ಇಸ್ತ್ರಿಗೆ ಮೊದಲು ಬಟ್ಟೆಗೆ ನೀರು ಸಿಂಪಡಿಸುವ ಬಾಟಲಿ. ಕ್ಲಚ್ಚಕ್ಕ ಒಳಗೆ ಕೂತು ಎಂಜಿನ್ನು ಚಾಲು ಮಾಡಿದಳು.

"ಕೋಟಿನ ಯಜಮಾನರು ಈಗ ಬಂದ್ರೆ ಏನು ಹೇಳ್ತೀಯ?" ಎಂದೆ.

"ಬಟ್ಟೆ ಗಟ್ಟಿ ಇದೆಯಾ ಅಂತ ನೋಡ್ತಾ ಇದ್ದೀವಿ ಅಂತೀನಿ. ಸುಮ್ಮನಿರಿ ಮೇಷ್ಟ್ರೇ, ನಗಿಸಬೇಡಿ, ಕೈ ಅಲುಗುತ್ತೆ."

ಬಾಟಲಿ ಒಮ್ಮೆ ಉಸ್ಸೆಂದಿತು. ಮೊದಲ ವೈರಿನಲ್ಲಿ ಏನೂ ಇಲ್ಲ. ಎರಡನೆಯದರಲ್ಲಿ ಏನೂ ಇಲ್ಲ. ಮೂರನೆಯದರ ಮೇಲೆ ನೀರಿನ ಹನಿ ಬಿದ್ದದ್ದೇ ತಡ, ಟಿಕ್ ಟಿಕ್ ಎಂದು ಸದ್ದಾಗಿ, ನೀಲಿ ಬಣ್ಣದ ಕೂದಲೆಳೆಯಂಥ ಕಿಡಿಯೊಂದು ರಬ್ಬರಿನಿಂದ ಪಕ್ಕದ ಕಬ್ಬಿಣಕ್ಕೆ ಹಾರಿತು. ಅದೇ ಗಳಿಗೆಗೆ ಎಂಜಿನ್ನು "ಕ್ಕ್" ಎಂದಿತು. ಸಡಿಲಪ್ಪ ಮೆಕ್ಯಾನಿಕ್ಕಿನ ಮುಂದೆ ಮಾಡಿ ತೋರಿಸಿದ್ದಕ್ಕೂ ಇದಕ್ಕೂ ಒಂದು ಕೂದಲಷ್ಟೂ ವ್ಯತ್ಯಾಸವಿರಲಿಲ್ಲ.

"ಸಿಕ್ತು" ಎಂದು ಆತ ಬೆರಳು ಮುಂದೆ ಮಾಡಿ ತೋರಿಸಿದ. ತೋರಿಸುವಾಗ ಸ್ವಲ್ಪ ಹೆಚ್ಚೇ ಹತ್ತಿರ ಹೋಯಿತು. ಮರುಕ್ಷಣ ಕರಿಬಟ್ಟೆ, ಬಾಟಲಿ, ಸಡಿಲಪ್ಪ ಮೂವರೂ ಶೆಡ್ಡಿನ ಗೋಡೆಯ ಹತ್ತಿರ ಇದ್ದರು.

ಕ್ಲಚ್ಚಕ್ಕ ಎಂಜಿನ್ನು ನಿಲ್ಲಿಸಿ ಓಡಿಬಂದಳು. "ಏನಾಯ್ತು?"

"ಏನಿಲ್ಲ" ಎಂದ ಬೆರಳು ಬಾಯಲ್ಲಿಟ್ಟುಕೊಂಡು. "ದೊಡ್ಡ ಸೂಜಿ."

ಬಿಡಿಭಾಗದ ಅಂಗಡಿಯಿಂದ ಹೊಸ ವೈರುಗಳು ಬಂದವು. ಎಂಜಿನ್ನು ಪೂರ್ತಿ ತಣ್ಣಗಾಗುವ ತನಕ ಕಾದು, ಸಡಿಲಪ್ಪ ತನ್ನ ಕಸುಬಿನ ಪದ್ಧತಿಯಲ್ಲೇ ಕೆಲಸಕ್ಕೆ ಇಳಿದ. ಮೊದಲು ಪ್ರತಿ ವೈರಿನ ಎರಡೂ ತುದಿಗೆ ಒಂದೊಂದು ಬಣ್ಣದ ದಾರ ಕಟ್ಟಿದ. ಒಂದಕ್ಕೆ ಕೆಂಪು, ಒಂದಕ್ಕೆ ಹಸಿರು, ಹೀಗೆ. ರಬ್ಬರು ಟೋಪಿಯನ್ನು ಹಿಡಿದು, ಗುಂಡಿ ತಿರುಗಿಸಿದ ಹಾಗೆ ಮೆಲ್ಲಗೆ ತಿರುಗಿಸಿ ಎಳೆದ. ಬಿಚ್ಚಿದ ವೈರನ್ನು ಟೇಪಿನಿಂದ ಅಳೆದು, ಅದೇ ಉದ್ದದ ಹೊಸದನ್ನು ಆರಿಸಿ, ದಾರವನ್ನು ಅದಕ್ಕೆ ವರ್ಗಾಯಿಸಿ ಕೂರಿಸಿದ. ಟಕ್. ಆಮೇಲಷ್ಟೇ ಮುಂದಿನದಕ್ಕೆ ಕೈ ಹಾಕಿದ. ನಾಲ್ಕನೆಯ ಟಕ್ ಕೇಳಿದ ಮೇಲೆ ಕ್ಲಚ್ಚಕ್ಕ ಕೀಲಿ ತಿರುಗಿಸಿದಳು. ಕಾರು ಹೊಸ ಹೊಲಿಗೆಯಂತ್ರದ ಹಾಗೆ ಒಂದೇ ಸಮನೆ ಓಡಿತು. ಕೆಮ್ಮಿಲ್ಲ, ನಡುಕವಿಲ್ಲ.

ಅಲ್ಲಿಗೆ ನಿಲ್ಲಿಸಿದ್ದರೆ ಈ ಕತೆಯೂ ಅಲ್ಲಿಗೇ ನಿಲ್ಲುತ್ತಿತ್ತು. ಆದರೆ ಸಡಿಲಪ್ಪ ಬಾನೆಟ್ಟು ಮುಚ್ಚದೆ ನಿಂತೇ ಇದ್ದ. ಹೊಸ ವೈರುಗಳು ಗಟ್ಟಿಯಾಗಿದ್ದವು. ಒಂದೊಂದು ಒಂದೊಂದು ಕಡೆಗೆ ಬಿಲ್ಲಿನ ಹಾಗೆ ಬಾಗಿ, ಎದ್ದು, ಅಡ್ಡಾದಿಡ್ಡಿ ನಿಂತಿದ್ದವು. ಆತನಿಗೆ ಅದನ್ನು ಹಾಗೆಯೇ ಬಿಟ್ಟುಬರಲು ಆಗಲಿಲ್ಲ. ಅಂಗಿಯ ಒಳಗಡೆ ಯಾರೂ ನೋಡದ ಜಾಗದಲ್ಲಿ ದಾರದ ತುದಿ ಉಳಿದರೂ ನಿದ್ದೆ ಬಾರದ ಮನುಷ್ಯ.

"ಕೆಲಸ ಆಯ್ತಲ್ಲ, ಬಾ" ಎಂದೆ.

"ಬಟ್ಟೆ ಹೊಲಿದಾಯ್ತು, ಕೊನೆ ಕೆಲಸ ಆಗಿಲ್ಲ ಮೇಷ್ಟ್ರೇ" ಎಂದು ಒಳಗೆ ಹೋಗಿ, ಕೋಟಿನ ಗುಂಡಿಗೆ ಬಳಸುವ ಮೇಣ ಸವರಿದ ದಪ್ಪ ದಾರವನ್ನು ತಂದ.

ನಾಲ್ಕು ವೈರುಗಳನ್ನೂ ಒಟ್ಟಿಗೆ ಸೇರಿಸಿ, ಮೀನಿನ ಮುಳ್ಳಿನ ಆಕಾರದ ಹೊಲಿಗೆಯಲ್ಲಿ ಒಂದು ಕಟ್ಟು ಕಟ್ಟಿದ. ಕಟ್ಟು ಅಲುಗಾಡಬಾರದೆಂದು ಅದನ್ನು ಎಳೆದು, ಪಕ್ಕದಲ್ಲಿ ಕಾರಿನ ಮೈಗೆ ಸೇರಿದ್ದ ಒಂದು ಕಬ್ಬಿಣದ ಪಟ್ಟಿಗೆ ಬಿಗಿದ. ನಿಜ ಹೇಳಬೇಕೆಂದರೆ ಅಷ್ಟು ಚೆಂದದ ಎಂಜಿನ್ನನ್ನು ನಾನು ಕಂಡಿರಲಿಲ್ಲ. ಕೊರಳಪಟ್ಟಿ ಇಸ್ತ್ರಿ ಮಾಡಿಸಿಕೊಂಡು ನಿಂತ ಹಾಗಿತ್ತು. ಕ್ಲಚ್ಚಕ್ಕನೂ ನೋಡಿ, "ಪರವಾಗಿಲ್ಲ, ಬಣ್ಣಕ್ಕಿಂತ ಇದೇ ಚೆನ್ನಾಗಿದೆ" ಎಂದಳು. ಸಂಜೆ ಮೂವರೂ ಕಾರಿನಲ್ಲಿ ಊರು ಸುತ್ತಿ ಬಂದೆವು. ಕಾರು ನೀರಿನ ಮೇಲೆ ಹೋದ ಹಾಗೆ ಹೋಯಿತು. ನಮ್ಮದು ಸಮತಟ್ಟಾದ ಊರು. ಏರು ಎಂಬುದು ಊರಿಗೆಲ್ಲ ಒಂದೇ ಕಡೆ, ಪರೀಕ್ಷೆಯ ಮೈದಾನದಲ್ಲಿ. ಆ ಸಂಜೆ ನಮಗೆ ಯಾರಿಗೂ ಅದು ನೆನಪಾಗಲಿಲ್ಲ.

ಪರೀಕ್ಷೆಯ ಬೆಳಿಗ್ಗೆ ಗಿಡದಮ್ಮ ಉಗುರಿನ ಮಣ್ಣನ್ನೆಲ್ಲ ತಿಕ್ಕಿ ತೊಳೆದುಕೊಂಡು ಬಂದಿದ್ದರು. ಚಾಲಕರ ಸೀಟಿನಲ್ಲಿ ಅವರು, ಪಕ್ಕದಲ್ಲಿ ಮಗಳು, ಹಿಂದೆ ನಾನು ಮತ್ತು ಅಳಿಯ. ಮೈದಾನದ ಗೇಟಿನವರೆಗೆ ಎಲ್ಲವೂ ಸುಖವಾಗಿತ್ತು. ಗೇಟಿನಿಂದ ಒಳಕ್ಕೆ ರಸ್ತೆ ಸ್ವಲ್ಪ ಏರುತ್ತದೆ. ಗಿಡದಮ್ಮ ಗೇರು ಇಳಿಸಿ ಕಾಲು ಒತ್ತಿದರು.

"ಕ್ಕ್" ಎಂದಿತು ಕಾರು.

ಕಾರು ಇನ್ನೊಮ್ಮೆ ಕೆಮ್ಮಿ, ಮೈ ಜಾಡಿಸಿ, ಹೇಗೋ ಮೇಲೆ ಹತ್ತಿ ಬೇಲಿಯ ಪಕ್ಕ ನಿಂತಿತು. ಮೈದಾನದಲ್ಲಿ ಇನ್‌ಸ್ಪೆಕ್ಟರು ನಮ್ಮ ಮುಂಚಿನವನ ಕಾರಿನಲ್ಲಿ ಕಂಬಗಳ ನಡುವೆ ಸುತ್ತುತ್ತಿದ್ದರು. ಮುಂದಿನ ಸರದಿ ನಮ್ಮದು.

"ಅಮ್ಮ, ಇವತ್ತು ಬೇಡ" ಎಂದಳು ಕ್ಲಚ್ಚಕ್ಕ. "ಗಾಡಿ ಸರಿಯಿಲ್ಲ ಅಂತ ಹೇಳಿ ವಾಪಸ್ ಹೋಗೋಣ."

"ಹೋದರೂ ಸೋತ ಹಾಗೇ ಬರ್ಕೋತಾರೆ. ನೀನೇ ಹೇಳಿದ್ದು" ಎಂದು ಗಿಡದಮ್ಮ ಬಾಗಿಲು ತೆರೆದು ಕೆಳಗಿಳಿದರು. "ಮುಚ್ಚಳ ತೆಗೀರಿ, ನೋಡೋಣ."

ಬಾನೆಟ್ಟು ತೆರೆದರೆ ಎಲ್ಲ ಕಟ್ಟಿದ ಹಾಗೆಯೇ ಇತ್ತು. ಎಂಜಿನ್ನು ನಿಂತಲ್ಲಿ ಒಂದೇ ಸಮನೆ ಓಡುತ್ತಿತ್ತು. ಸಡಿಲಪ್ಪ ಹೊಲಿಗೆಯನ್ನು ಕಣ್ಣಲ್ಲೇ ಸವರಿದ. ಒಂದು ಎಳೆಯೂ ಬಿಟ್ಟಿರಲಿಲ್ಲ.

"ನಿಂತಾಗ ಕೆಮ್ಮಲ್ಲ. ಎಳೆಯುವಾಗ ಕೆಮ್ಮುತ್ತೆ" ಎಂದರು ಗಿಡದಮ್ಮ. ಮಗಳ ಕಡೆ ತಿರುಗಿ, "ಬ್ರೇಕು ಗಟ್ಟಿಯಾಗಿ ಒತ್ಕೊಂಡೇ ಕ್ಲಚ್ಚು ಸ್ವಲ್ಪ ಬಿಡು. ಎಂಜಿನ್ನು ಎಳೆಯೋಕೆ ನೋಡಲಿ. ನಾವು ಪಕ್ಕದಲ್ಲಿ ನಿಂತು ನೋಡ್ತೀವಿ."

ಅಮ್ಮನ ಬಾಯಲ್ಲಿ ಕ್ಲಚ್ಚಿನ ಪಾಠ ಕೇಳಿ ಕ್ಲಚ್ಚಕ್ಕ ಒಂದು ಕ್ಷಣ ಬೆಪ್ಪಾದಳು. ಆಮೇಲೆ ಚಾಲಕರ ಸೀಟಿಗೆ ಹೋಗಿ ಹಾಗೆಯೇ ಮಾಡಿದಳು. ಎಂಜಿನ್ನು ಭಾರ ಹೊರಲು ಹೊರಟ ಆಳಿನ ಹಾಗೆ ಮೈ ಬಿಗಿಹಿಡಿದು ಒಂದು ಪಕ್ಕಕ್ಕೆ ವಾಲಿತು. ಅದು ವಾಲಿದಾಗ ವೈರುಗಳೂ ಅದರ ಜೊತೆ ಹೋಗಬೇಕು. ಆದರೆ ಕಟ್ಟು ಕಾರಿನ ಮೈಗೆ ಬಿಗಿದಿತ್ತು. ದಾರ ತಂತಿಯ ಹಾಗೆ ಸೆಟೆಯಿತು. ಕೊನೆಯ ವೈರಿನ ರಬ್ಬರು ಟೋಪಿ, ಯಾರಿಗೋ ನಮಸ್ಕಾರ ಮಾಡುವ ಹಾಗೆ, ಪ್ಲಗ್ಗಿನ ಮೇಲಿನಿಂದ ಮೆಲ್ಲಗೆ ಎದ್ದಿತು. ಎಂಜಿನ್ನು "ಕ್ಕ್" ಎಂದಿತು.

"ನಿಲ್ಲಿಸು, ನಿಲ್ಲಿಸು" ಎಂದರು ಗಿಡದಮ್ಮ. ಎಂಜಿನ್ನು ನಿಂತಿತು. ಅವರು ಅಳಿಯನನ್ನು ನೋಡಿದರು. ಅವರ ತುಟಿಯ ಕೊನೆ ಅದುರುತ್ತಿತ್ತು. ಅಳುವೋ ನಗುವೋ ನನಗೆ ತಿಳಿಯಲಿಲ್ಲ.

"ಅಳಿಯಂದ್ರೇ, ಇದಕ್ಕೆ ಅಳತೆ ತಗೊಳ್ಳುವಾಗ ಎರಡು ಬೆರಳು ಒಳಗೆ ಹಾಕಿದ್ರಾ?"

ಸಡಿಲಪ್ಪ ಬಿಗಿದ ದಾರದ ಕೆಳಗೆ ಬೆರಳು ತೂರಿಸಲು ನೋಡಿದ. ತೂರಲಿಲ್ಲ.

"ಮನುಷ್ಯ ಅಂದ್ಮೇಲೆ ಕೂರ್ತಾನೆ, ಏಳ್ತಾನೆ ಅಂತ ಊರಿಗೆಲ್ಲ ಹೇಳ್ತೀರಿ. ಈ ಬಡಪಾಯಿ ಎಂಜಿನ್ನು ಭಾರ ಎಳೆಯುವಾಗೆಲ್ಲ ಏಳಲೇಬೇಕು. ಇದಕ್ಕೆ ಸೊಂಟಕ್ಕೇ ಹೊಲಿಗೆ ಹಾಕಿದ್ದೀರಲ್ಲ."

ಕಾರಿನ ಒಳಗಿನಿಂದ ಮೊದಲು ನಕ್ಕವಳು ಕ್ಲಚ್ಚಕ್ಕ. ಅವಳು ಸ್ಟೇರಿಂಗಿನ ಮೇಲೆ ಹಣೆಯಿಟ್ಟು ನಕ್ಕಳು, ಹಾರ್ನು ಒಮ್ಮೆ ಕೂಗಿತು. ಮೈದಾನದ ಆ ತುದಿಯಿಂದ ಇನ್‌ಸ್ಪೆಕ್ಟರು ತಿರುಗಿ ನೋಡಿದರು.

ಸಡಿಲಪ್ಪನ ಕೊರಳಲ್ಲಿ ಯಾವಾಗಲೂ ಒಂದು ಪುಟ್ಟ ಕತ್ತರಿ ತೂಗುತ್ತಿತ್ತು, ದಾರದ ತುದಿ ಕತ್ತರಿಸಲು. ಅದನ್ನು ಕೈಗೆ ತೆಗೆದುಕೊಂಡ. ತಾನು ಹೊಲಿದ ಹೊಲಿಗೆಯನ್ನು ತಾನೇ ಬಿಚ್ಚುವುದು ಆತನಿಗೆ ಹೊಸದೇನಲ್ಲ. ಆದರೆ ಗಿರಾಕಿಗಳಿಗಾಗಿ ಬಿಚ್ಚುವಾಗ ತಪ್ಪು ಗಿರಾಕಿಯದಾಗಿರುತ್ತಿತ್ತು. ಮೊದಲ ಗಂಟಿನ ಕೆಳಗೆ ಕತ್ತರಿಯ ಮೂತಿ ತೂರಿಸಿ ಆತ ಸ್ವಲ್ಪ ತಡೆದ.

"ಚೆನ್ನಾಗಿ ಬಂದಿತ್ತು" ಎಂದ ಮೆಲ್ಲಗೆ.

"ಬಹಳ ಚೆನ್ನಾಗಿ ಬಂದಿತ್ತು" ಎಂದರು ಅತ್ತೆ. "ಈಗ ಕತ್ತರಿಸಿ. ಅವರು ಬರ್ತಾ ಇದ್ದಾರೆ."

ಮೀನಿನ ಮುಳ್ಳು ಒಂದೊಂದಾಗಿ ಉದುರಿತು. ವೈರುಗಳು ಉಸಿರು ಬಿಟ್ಟ ಹಾಗೆ ಮೇಲೆದ್ದು, ತಮಗೆ ಬೇಕಾದ ಕಡೆಗೆ ಬಾಗಿ ನಿಂತವು. ಸಡಿಲಪ್ಪ ಅವನ್ನು ಒಂದಕ್ಕೊಂದು ತಾಗದ ಹಾಗೆ ಬಿಡಿಸಿ, ಬಿಸಿ ಕೊಳವೆಯಿಂದ ದೂರ ಸರಿಸಿ, ಕೊನೆಯ ಟೋಪಿಯನ್ನು ಕರವಸ್ತ್ರದಿಂದ ಹಿಡಿದು ಒತ್ತಿದ. ಟಕ್. ನಾಲ್ವರಿಗೂ ಕೇಳಿಸಿತು. ಬಾನೆಟ್ಟು ಮುಚ್ಚುವುದಕ್ಕೂ ಇನ್‌ಸ್ಪೆಕ್ಟರು ಹತ್ತಿರ ಬರುವುದಕ್ಕೂ ಸರಿಹೋಯಿತು.

"ಹೋದ ಸಲ ಕೆಮ್ಮುತ್ತಿದ್ದ ಗಾಡಿ ಇದೇ ಅಲ್ವಾ?" ಎಂದರು.

"ಇದೇ" ಎಂದರು ಗಿಡದಮ್ಮ ಸೀಟಿನಲ್ಲಿ ಕೂರುತ್ತ. "ಔಷಧಿ ಆಗಿದೆ."

ನಾವು ಮೂವರೂ ಬೇಲಿ ಹಿಡಿದು ನಿಂತೆವು. ಕೆನೆಬಣ್ಣದ ಕಾರು ಕಂಬಗಳ ನಡುವೆ ಹೋಯಿತು, ಹಿಂದಕ್ಕೆ ಬಂತು. ಮೊದಲ ಸಲ ಮುತ್ತಿಟ್ಟ ಕಂಬದ ಹತ್ತಿರ ಅದು ತೀರ ನಿಧಾನವಾಯಿತು. ಕ್ಲಚ್ಚಕ್ಕ ನನ್ನ ಪಕ್ಕದಲ್ಲಿ ನಿಂತು ನೆಲವನ್ನೇ ಎಡಗಾಲಲ್ಲಿ ಒತ್ತುತ್ತಿದ್ದಳು. ಕಂಬ ಉಳಿಯಿತು. ಆಮೇಲೆ ದಿಬ್ಬ.

ಕಾರು ಏರಿನ ನಡುವೆ ನಿಂತಿತು. ನಿಂತೇ ಇತ್ತು. ಆಮೇಲೆ ಎಂಜಿನ್ನಿನ ಸದ್ದು ಸ್ವಲ್ಪ ಏರಿತು. ಕಾರಿನ ಮೂತಿ ಕೊಂಚ ಎದ್ದಿತು. ಈಗ ಒಳಗೆ ಎಂಜಿನ್ನು ವಾಲುತ್ತಿದೆ ಎಂದು ನಮಗೆ ಗೊತ್ತಿತ್ತು. ಡುಗು ಡುಗು ಡುಗು ಡುಗು. ಕಾಯುತ್ತಿದ್ದ "ಕ್ಕ್" ಬರಲೇ ಇಲ್ಲ. ಕಾರು ಒಂದು ಬೆರಳಷ್ಟೂ ಹಿಂದೆ ಜಾರದೆ, ಅವಸರವನ್ನೂ ಮಾಡದೆ, ದಿಬ್ಬದ ತಲೆ ಹತ್ತಿ ಆ ಕಡೆಗೆ ಇಳಿದು ಕಣ್ಮರೆಯಾಯಿತು.

"ಮೇಷ್ಟ್ರೇ, ಸ್ವಲ್ಪ ಹಿಡ್ಕೊಳ್ಳಿ" ಎಂದ ಸಡಿಲಪ್ಪ. ನಾನು ತೋಳು ಹಿಡಿದುಕೊಂಡೆ. ಕ್ಲಚ್ಚಕ್ಕ ಗಂಡನ ಇನ್ನೊಂದು ತೋಳನ್ನು ಹಿಡಿದು, "ನಿಮಗೂ ವೈರು ಬದಲಾಯಿಸಬೇಕು" ಎಂದಳು. ಅವಳ ಕಣ್ಣು ತುಂಬಿತ್ತು.

ಇನ್‌ಸ್ಪೆಕ್ಟರು ಕೆಳಗಿಳಿದು ಸಹಿ ಮಾಡುತ್ತ, "ದಿಬ್ಬದಲ್ಲಿ ಇಷ್ಟು ಹೊತ್ತು ಯಾಕಮ್ಮ ನಿಲ್ಲಿಸಿದ್ರಿ?" ಎಂದು ಕೇಳಿದರಂತೆ. "ಮೇಲಿಂದ ನನ್ನ ತೋಟ ಕಾಣುತ್ತಾ ಅಂತ ನೋಡ್ತಾ ಇದ್ದೆ" ಎಂದರಂತೆ ಗಿಡದಮ್ಮ.

ಸೊಂಟ ಸರಿಹೋದ ಮೇಲೆ ಮೆಕ್ಯಾನಿಕ್ಕು ಬಂದು ಬಾನೆಟ್ಟು ತೆರೆದು ನೋಡಿದ. ವೈರು ಕೂರಿಸಿದ್ದಕ್ಕೆ ತಲೆಯಾಡಿಸಿದ. ಕಬ್ಬಿಣದ ಪಟ್ಟಿಯ ಮೇಲೆ ಉಳಿದುಹೋಗಿದ್ದ ಮೀನಿನ ಮುಳ್ಳಿನ ಒಂದು ಸಾಲು ಕಣ್ಣಿಗೆ ಬಿತ್ತು. "ಇದೇನು?" ಎಂದ. ಆತ ಅದನ್ನು ಬೆರಳಲ್ಲಿ ಸವರಿ, "ಇರಲಿ, ಪಟ್ಟಿ ಎಲ್ಲಿಗೂ ಹೋಗಲ್ಲ" ಎಂದು ಹಾಗೆಯೇ ಬಿಟ್ಟ. ಆ ಕಾರು ಇರುವ ತನಕ ಅದು ಅಲ್ಲೇ ಇತ್ತು. ಸಡಿಲಪ್ಪನೂ ಮೊದಲಿನ ಹಾಗೆಯೇ ಎರಡು ಬೆರಳು ತೂರಿಸಿ ಅಳತೆ ತೆಗೆಯುತ್ತಿದ್ದ. ಆದರೆ ಗಿರಾಕಿಗಳ ಮುಂದೆ ಆ ಹಳೆಯ ಪಾಠ ಒಪ್ಪಿಸುವಾಗ, ಒಳಗಿನ ಕೋಣೆಯಿಂದ ಹೆಂಡತಿ ಕೆಮ್ಮಿದರೆ, ಮಾತನ್ನು ಅರ್ಧಕ್ಕೇ ನಿಲ್ಲಿಸಿ ಬಟ್ಟೆಯ ಕಡೆ ನೋಡುತ್ತಿದ್ದ.

ಟಾರ್ಪಾಲು ತೆಗೆದು, ಹಸಿರು ವ್ಯಾನಿಗೆ ಗಾಳಿ ಹೊಡೆಸಿ, ಗಿಡದಮ್ಮ ಮೊದಲ ಸಲ ಮಾರುಕಟ್ಟೆಗೆ ಹೊರಟ ದಿನ ನಾನು ನನ್ನ ಬಾಗಿಲಲ್ಲೇ ಇದ್ದೆ. ಹಿಂದುಗಡೆ ಕುಂಡಗಳು ತುಂಬಿದ್ದವು, ಕಿಟಕಿಗಳಿಂದ ಎಲೆಗಳು ಹೊರಗೆ ಚಾಚಿದ್ದವು. ಪಕ್ಕದ ಸೀಟಿನಲ್ಲಿ ಸಡಿಲಪ್ಪ ಕೂತಿದ್ದ. ಕುಂಡ ಇಳಿಸಲು ಸಹಾಯಕ್ಕೆಂದು ಹೆಂಡತಿಯೇ ಕಳಿಸಿದ್ದಳು. ಆ ವ್ಯಾನಿನಲ್ಲಿ ಪಕ್ಕದವರ ಕಾಲಿಗೆ ಬ್ರೇಕು ಇರಲಿಲ್ಲ. ಆದರೂ ಆತನ ಎರಡು ಕಾಲೂ ಮುಂದಿನ ತಗಡನ್ನು ಒತ್ತಿಹಿಡಿದಿದ್ದವು, ಎರಡು ಕೈಯೂ ಸೀಟಿನ ಅಂಚನ್ನು ಬಿಗಿಯಾಗಿ ಹಿಡಿದಿದ್ದವು, ಕಣ್ಣು ರಸ್ತೆ ಬಿಟ್ಟು ಕದಲುತ್ತಿರಲಿಲ್ಲ.

ವ್ಯಾನು ನನ್ನ ಮನೆಯ ಮುಂದೆ ಬರುವಾಗ ಗಿಡದಮ್ಮ ಗೇರು ಬದಲಾಯಿಸಿ, ಅಳಿಯನ ಕಡೆ ಒಮ್ಮೆ ನೋಡಿದ್ದು ಕಂಡಿತು. ಅವರ ಮಾತು ಬೀದಿಗೆಲ್ಲ ಕೇಳಿಸಿತು.

"ಅಳಿಯಂದ್ರೇ, ಸ್ವಲ್ಪ ಸಡಿಲವಾಗಿ ಕೂತ್ಕೊಳ್ಳಿ."